ಅಪ್ಪನ ಕಾಲಿಗೆ ಗೊತ್ತು

ಅಪ್ಪ ನಲವತ್ತು ವರ್ಷ ಬಟ್ಟೆ ಹೊಲಿದವರು. ಎರಡು ವರ್ಷದ ಹಿಂದೆ ಹರ್ಪಿಸ್ ವೈರಸ್ ಮೆದುಳಿಗೆ ಏರಿತು. ಜೀವ ಉಳಿಯಿತು. ಆದರೆ ಎರಡೂ ಕಡೆಯ ಹಿಪೊಕ್ಯಾಂಪಸ್ ಹಾಳಾಗಿದೆ ಎಂದು ಡಾಕ್ಟರು ಸ್ಕ್ಯಾನ್ ತೋರಿಸಿದರು. ಕಿವಿಯ ನೇರಕ್ಕೆ, ತಲೆಯೊಳಗೆ ಇರುವ ಪುಟ್ಟ ಭಾಗ ಅದು. ಇವತ್ತು ನಡೆದದ್ದು ನಾಳೆಗೆ ಉಳಿಯಬೇಕಾದರೆ ಅದು ಬೇಕು.

ಮೊದಮೊದಲು ನಾನು ಸುಮ್ನೆ ಇರದೆ ಪರೀಕ್ಷೆ ಮಾಡುತ್ತಿದ್ದೆ. "ಬೆಳಿಗ್ಗೆ ಯಾರು ಬಂದಿದ್ರು, ಹೇಳಿ ಅಪ್ಪ?" ಅವರು ನಕ್ಕು ಮಾತು ಮರೆಸುತ್ತಿದ್ದರು. ಅದೇ ಅಪ್ಪ, ಆರು ಅಂಕಿ ಹೇಳಿದರೆ ತಪ್ಪಿಲ್ಲದೆ ತಿರುಗಿ ಹೇಳುತ್ತಿದ್ದರು. ಬಾಯಲ್ಲಿ ಗುನುಗುತ್ತಾ ಇರುವ ತನಕ ಇರುತ್ತಿತ್ತು. ನಡುವೆ ಯಾರಾದರೂ ಬಾಗಿಲು ಬಡಿದರೆ ಮುಗೀತು, ಅಂಕಿಯೂ ಇಲ್ಲ, ನಾನು ಕೇಳಿದ್ದೂ ಇಲ್ಲ. ನಾಟಕ ಆಡ್ತಿದ್ದಾರಾ ಅಂತಲೂ ಒಮ್ಮೆ ಅನಿಸಿತ್ತು. ಈಗ ನಾಚಿಕೆಯಾಗುತ್ತದೆ.

ನನ್ನ ಮದುವೆಗೆ ಅವರೇ ಹೊಲಿದ ಕೋಟು ತೋರಿಸಿದೆ. ಒಳಗೆ ಕೈಯಾಡಿಸಿ, "ಕ್ಯಾನ್ವಾಸ್ ಚೆನ್ನಾಗಿ ಕೂತಿದೆ. ಯಾರು ಹೊಲಿದದ್ದು?" ಎಂದರು. ಕೋಟಿನ ಬಗ್ಗೆ ಎಲ್ಲ ಗೊತ್ತು. ಆ ಕೋಟಿನ ಕತೆ ಮಾತ್ರ ಇಲ್ಲ. ಕೆನಡಾದ ಕೆಂಟ್ ಕಾಕ್ರೇನ್‌ಗೆ 1981ರ ಬೈಕ್ ಅಪಘಾತದ ನಂತರ ಹೀಗೇ ಆಗಿತ್ತು. ತನ್ನ ಮನೆಯವರದ್ದು ಊರಾಚೆ ಒಂದು ಕಾಟೇಜ್ ಇದೆ ಎಂದು ಅವನಿಗೆ ಗೊತ್ತಿತ್ತು, ಅಲ್ಲಿ ಕಳೆದ ಒಂದು ದಿನವೂ ನೆನಪಿರಲಿಲ್ಲ. ಉಲ್ಟಾನೂ ಆಗುತ್ತದಂತೆ. ಮೆದುಳಿನಲ್ಲಿ ಕಿವಿಯ ಪಕ್ಕದ ಟೆಂಪೊರಲ್ ಲೋಬ್ ಎಂಬ ಭಾಗದ ಮುಂಬದಿ ಸವೆಯುವ ಒಂದು ಬಗೆಯ ಡಿಮೆನ್ಷಿಯಾದಲ್ಲಿ, ನಿನ್ನೆ ಏನಾಯಿತೆಂದು ಹೇಳುವವರಿಗೇ ಕತ್ತರಿ ಎಂದರೇನು ಎಂಬುದು ಮರೆತುಹೋಗಬಹುದು.

ಆಮೇಲೆ ಹೊಸ ಮೆಷಿನ್ ಬಂತು. ಹಳೆಯದು ಎರಡೂ ಕಾಲಲ್ಲಿ ತುಳಿಯುವಂಥದ್ದು. ಇದು ಕರೆಂಟಿನದು, ಒಂದೇ ಪಾದದಲ್ಲಿ ಮೆಲ್ಲಗೆ ಒತ್ತಬೇಕು. ಮೊದಲ ವಾರ ಹಳೆಯ ರೂಢಿಯಲ್ಲೇ ಒತ್ತಿದರು. ಮೆಷಿನ್ ಓಡಿಹೋಗಿ ಬಟ್ಟೆಯೆಲ್ಲ ಸುಕ್ಕು, ದಾರ ತುಂಡು. ಇದು ಆಗದ ಮಾತು ಎಂದು ನಾನು ಕೈಬಿಟ್ಟೆ. ಅಮ್ಮ ಬಿಡಲಿಲ್ಲ, ದಿನಾ ಅರ್ಧ ಗಂಟೆ ಕೂರಿಸಿದರು.

ನನಗೆ ಹೆನ್ರಿ ಮೊಲೈಸನ್ ಬಗ್ಗೆ ಗೊತ್ತಾದದ್ದು ಆ ದಿನಗಳಲ್ಲೇ. 1953ರಲ್ಲಿ ಮೂರ್ಛೆರೋಗಕ್ಕೆಂದು ಅವನ ಮೆದುಳಿನ ಎರಡೂ ಕಡೆಯಿಂದ ಹಿಪೊಕ್ಯಾಂಪಸ್‌ನ ದೊಡ್ಡ ಭಾಗ ತೆಗೆದಿದ್ದರು. ಮನಶ್ಶಾಸ್ತ್ರಜ್ಞೆ ಬ್ರೆಂಡಾ ಮಿಲ್ನರ್ ಅವನಿಗೆ ಕನ್ನಡಿಯಲ್ಲಿ ಮಾತ್ರ ನೋಡುತ್ತಾ ನಕ್ಷತ್ರದ ಅಂಚು ಗೀಚಲು ಕೊಟ್ಟರು. ಮೂರು ದಿನದಲ್ಲಿ ಕೈ ಪಳಗಿತು. ಆದರೆ ಮೂರನೇ ದಿನವೂ ಅವನ ಪಾಲಿಗೆ ಅದು ಹೊಸ ಕೆಲಸವೇ. ಕೈಕಾಲಿನ ರೂಢಿಯನ್ನು ನೋಡಿಕೊಳ್ಳುವುದು ಮೆದುಳಿನ ಬೇರೆ ಭಾಗಗಳು, ಬೇಸಲ್ ಗ್ಯಾಂಗ್ಲಿಯಾ ಮತ್ತು ಸೆರೆಬೆಲ್ಲಮ್. ಅಪ್ಪನ ಸ್ಕ್ಯಾನ್‌ನಲ್ಲಿ ಅವೆರಡಕ್ಕೂ ಏನೂ ಆಗಿರಲಿಲ್ಲ.

ಮೂರನೇ ವಾರ ದಿಂಬಿನ ಕವರ್ ತಂದು ಮುಂದಿಟ್ಟೆ. "ಯಾರದ್ದು ಈ ಮೆಷಿನ್? ನನಗೆ ಕರೆಂಟಿನದೆಲ್ಲ ಬರಲ್ಲಪ್ಪ" ಎಂದರು. ಹೇಳುತ್ತಲೇ ಬಲಗಾಲಿನ ಚಪ್ಪಲಿ ಬಿಟ್ಟು, ಪೆಡಲ್ ಹುಡುಕಿ, ಬೆರಳ ತುದಿಯಲ್ಲಿ ಮೆಲ್ಲಗೆ ಒತ್ತಿದರು.