ಹಿಡಿದ ಪ್ರೋಟೀನನ್ನು ಬಿಡಿಸಿಕೊಂಡ ಮೇಲೆ

ಕೋಲಾರದ ನಮ್ಮ ಜೈವಿಕ ತಂತ್ರಜ್ಞಾನ ವಿಭಾಗದಲ್ಲಿ ಎಂ.ಎಸ್ಸಿ. ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟುಗಳು ಶುರುವಾದಾಗಲೆಲ್ಲ, ಪ್ರೋಟೀನಿಗೆ ಯಾವ ಟ್ಯಾಗ್ (ಅದನ್ನು ಹಿಡಿಯಲೆಂದು ಜೋಡಿಸುವ ಕಿರು ಅಮೈನೋ ಆಮ್ಲ ಸರಣಿ) ಸೇರಿಸಬೇಕೆಂಬ ಚರ್ಚೆ ತಪ್ಪದೆ ನಡೆಯುತ್ತದೆ. ಪ್ರೋಟೀನನ್ನು ಕಾಲಮ್ಮಿನಲ್ಲಿ, ಅಂದರೆ ಟ್ಯಾಗಿಗೆ ಅಂಟುವ ವಸ್ತು ತುಂಬಿದ ನಳಿಕೆಯಲ್ಲಿ, ಹಿಡಿದಿಡುವ ಬಗೆಯನ್ನು ವಿದ್ಯಾರ್ಥಿಗಳು ಚೆನ್ನಾಗಿಯೇ ಓದಿಕೊಂಡು ಬಂದಿರುತ್ತಾರೆ. ಆದರೆ ಅದನ್ನು ಬಿಡಿಸಲು ಬಳಸಿದ ವಸ್ತು ಆಮೇಲೆ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದರೆ ಉತ್ತರ ತಡವಾಗುತ್ತದೆ.

ಬ್ಯಾಕ್ಟೀರಿಯಾದಲ್ಲಿ ಹೇರಳವಾಗಿ ತಯಾರಾಗುವ ಪ್ರೋಟೀನಾದರೆ ನಾನು ಆರು ಹಿಸ್ಟಿಡಿನ್‌ಗಳ ಟ್ಯಾಗನ್ನೇ ಹೇಳುತ್ತೇನೆ. ಅದನ್ನು ಹಿಡಿಯುವ ನಿಕ್ಕಲ್ ರೆಸಿನ್ (ಕಾಲಮ್ಮಿಗೆ ತುಂಬುವ ಕಣಗಳು) ಅಗ್ಗ, ಅದನ್ನು ಮತ್ತೆ ಮತ್ತೆ ಬಳಸಬಹುದು, ಹಿಸ್ಟಿಡಿನ್‌ನೊಂದಿಗೆ ನಿಕ್ಕಲ್‌ಗಾಗಿ ಪೈಪೋಟಿ ನಡೆಸುವ ಇಮಿಡಜೋಲ್ ಎಂಬ ಸಣ್ಣ ಅಣುವನ್ನು 250 ಮಿಲಿಮೋಲಾರ್‌ನಷ್ಟು ಹಾಕಿದರೆ ಪ್ರೋಟೀನು ಇಳಿದು ಬರುತ್ತದೆ. ಪ್ರಾಣಿಕೋಶಗಳಲ್ಲಿ ಅಲ್ಪ ಪ್ರಮಾಣದಲ್ಲಿ ಸಿಗುವ, ಜೊತೆಗಾರ ಪ್ರೋಟೀನುಗಳಿಂದ ಬೇರ್ಪಡಬಾರದಂಥ ಪ್ರೋಟೀನಾದರೆ ಮಾತ್ರ, ಪ್ರತಿಕಾಯದಿಂದ ಹಿಡಿಯುವ ಫ್ಲ್ಯಾಗ್ ಟ್ಯಾಗಿನ ದುಬಾರಿ ಖರ್ಚಿಗೆ ಅರ್ಥವಿದೆ.

1988ರಲ್ಲಿ ಪ್ರಕಟವಾದ ಈ ಟ್ಯಾಗಿನಲ್ಲಿ ಎಂಟೇ ಅಮೈನೋ ಆಮ್ಲಗಳಿವೆ: ಆಸ್ಪಾರ್ಟಿಕ್ ಆಮ್ಲ, ಟೈರೋಸಿನ್, ಲೈಸಿನ್, ಬಳಿಕ ಸಾಲಾಗಿ ನಾಲ್ಕು ಆಸ್ಪಾರ್ಟಿಕ್ ಆಮ್ಲ, ಕೊನೆಗೆ ಮತ್ತೊಂದು ಲೈಸಿನ್. ಎಚ್‌ಎ ಎಂಬ ಇನ್ನೊಂದು ಟ್ಯಾಗ್ ಇನ್‌ಫ್ಲುಯೆನ್ಜಾ ವೈರಾಣುವಿನ ಪ್ರೋಟೀನಿನಿಂದ ಬಂದದ್ದಾದರೆ, ಇದು ನೀರನ್ನು ಇಷ್ಟಪಡುವಂತೆ ಬೇಕೆಂದೇ ರೂಪಿಸಿದ ಸರಣಿಯಾದ್ದರಿಂದ ಸಾಮಾನ್ಯವಾಗಿ ಪ್ರೋಟೀನಿನ ಹೊರಮೈಯಲ್ಲೇ ಉಳಿದು ಪ್ರತಿಕಾಯಕ್ಕೆ ಸುಲಭವಾಗಿ ಸಿಗುತ್ತದೆ. ಇದನ್ನು ಗುರುತಿಸುವ ಪ್ರತಿಕಾಯಗಳಲ್ಲಿ ಎಂ1 ಎಂಬುದಕ್ಕೆ ಕ್ಯಾಲ್ಸಿಯಂ ಬೇಕು. ಕ್ಯಾಲ್ಸಿಯಮ್ಮನ್ನು ಹಿಡಿದುಕೊಳ್ಳುವ ಇಡಿಟಿಎ ಎಂಬ ರಾಸಾಯನಿಕ ಹಾಕಿದರೆ ಅದು ಹಿಡಿತ ಬಿಡುತ್ತದೆ. ಹೆಚ್ಚು ಬಳಕೆಯಲ್ಲಿರುವ ಎಂ2 ಪ್ರತಿಕಾಯಕ್ಕೆ ಕ್ಯಾಲ್ಸಿಯಮ್ಮಿನ ಹಂಗಿಲ್ಲ. ಅದರಿಂದ ಪ್ರೋಟೀನನ್ನು ಬಿಡಿಸಲು ಆಮ್ಲೀಯ ಗ್ಲೈಸಿನ್ ಬಫರನ್ನು ಹಾಯಿಸಬಹುದು, ಇಲ್ಲವೇ ಅದೇ ಎಂಟು ಅಮೈನೋ ಆಮ್ಲಗಳ ಕೃತಕ ಪೆಪ್ಟೈಡನ್ನು (ಕಿರು ಸರಪಳಿಯನ್ನು) ಧಾರಾಳವಾಗಿ ಸುರಿದು ಪ್ರತಿಕಾಯದ ಜಾಗಗಳನ್ನೆಲ್ಲ ತುಂಬಿಬಿಡಬಹುದು. ಆಮ್ಲಕ್ಕೆ ಕೆಡುವ ಪ್ರೋಟೀನಿಗೆ ಎರಡನೆಯದೇ ಸೂಕ್ತ.

ಸೂಕ್ತವೇನೋ ಹೌದು, ತೊಡಕೂ ಅಲ್ಲೇ ಇದೆ. ಶ್ರೀನಿವಾಸಪುರದ ಕಡೆಯ ವಿದ್ಯಾರ್ಥಿನಿಯೊಬ್ಬಳು ಒಮ್ಮೆ, "ಮೇಡಂ, ವೆಸ್ಟರ್ನ್ ಬ್ಲಾಟ್‌ನಲ್ಲಿ ಬ್ಯಾಂಡ್ ಇಷ್ಟು ದಪ್ಪ ಬಂದಿದೆ, ಎಲಿಸಾ ತಟ್ಟೆಯಲ್ಲಿ ಮಾತ್ರ ಬಣ್ಣವೇ ಏರುತ್ತಿಲ್ಲ" ಎಂದು ಎರಡನ್ನೂ ಹಿಡಿದುಕೊಂಡು ಬಂದಳು. ಬ್ಲಾಟ್‌ನಲ್ಲಿ ಪ್ರೋಟೀನುಗಳನ್ನು ಮೊದಲು ಜೆಲ್‌ನಲ್ಲಿ ಗಾತ್ರದಂತೆ ಬೇರ್ಪಡಿಸಿ ಆಮೇಲೆ ಪ್ರತಿಕಾಯದಿಂದ ಗುರುತಿಸುತ್ತೇವೆ; ಇಂಥ ಎಲಿಸಾದಲ್ಲಿ ತಟ್ಟೆಯ ಪ್ರತಿಕಾಯ ಹಿಡಿದ ಪ್ರೋಟೀನು ಹೆಚ್ಚಿದಷ್ಟೂ ಬಣ್ಣ ಏರುತ್ತದೆ. ತಟ್ಟೆಗೆ ಎಂ2 ಪ್ರತಿಕಾಯವನ್ನು ಲೇಪಿಸಿ, ಕಾಲಮ್ಮಿನಿಂದ ಇಳಿದ ದ್ರಾವಣವನ್ನು, ಬಿಡಿಸಲು ಸುರಿದ ಪೆಪ್ಟೈಡಿನ ಸಮೇತ, ನೇರವಾಗಿ ಅದರ ಮೇಲೆ ಹಾಕಲಾಗಿತ್ತು. ಲೆಕ್ಕ ಹಾಕಿ ನೋಡಿದರೆ ಕಾರಣ ತಿಳಿಯುತ್ತದೆ. ಪೆಪ್ಟೈಡಿನ ಅಣುತೂಕ ಸುಮಾರು 1,013 ಡಾಲ್ಟನ್. ಬಿಡಿಸಲು ಬಳಸಿದ ಮಿಲಿಲೀಟರಿಗೆ 100 ಮೈಕ್ರೋಗ್ರಾಂ ಎಂದರೆ, ಅಣುಗಳ ಎಣಿಕೆಯ ಅಳತೆಯಲ್ಲಿ, ಹತ್ತಿರ ಹತ್ತಿರ 100 ಮೈಕ್ರೋಮೋಲಾರ್. ಅದೇ ತೂಕದಷ್ಟು 30 ಕಿಲೋಡಾಲ್ಟನ್ ಪ್ರೋಟೀನು ಸಿಕ್ಕಿದ್ದರೂ ಅದು 3.3 ಮೈಕ್ರೋಮೋಲಾರ್ ಮಾತ್ರ. ಪ್ರೋಟೀನಿನ ಒಂದೊಂದು ಅಣುವಿಗೆ ಪೆಪ್ಟೈಡಿನ ಮೂವತ್ತು ಅಣುಗಳು ಪೈಪೋಟಿಗೆ ನಿಂತಿರುತ್ತವೆ, ಮಾದರಿಯನ್ನು ಎಷ್ಟು ತೆಳು ಮಾಡಿದರೂ ಈ ಅನುಪಾತ ಬದಲಾಗುವುದಿಲ್ಲ. ಬ್ಲಾಟ್‌ನಲ್ಲಿ ಈ ತೊಂದರೆ ಕಾಣದಿರಲು ಕಾರಣವೆಂದರೆ, ಅಷ್ಟು ಸಣ್ಣ ಪೆಪ್ಟೈಡು ಜೆಲ್‌ನಲ್ಲಿ ಪ್ರೋಟೀನನ್ನು ಹಿಂದೆ ಬಿಟ್ಟು ಬಣ್ಣದ ಗೆರೆಯ ಜೊತೆಗೇ ಓಡಿಹೋಗುತ್ತದೆ.

ಪರಿಹಾರ ಕಷ್ಟದ್ದಲ್ಲ. 10 ಕಿಲೋಡಾಲ್ಟನ್ ಮಿತಿಯ ಸೋಸುನಳಿಕೆಯಲ್ಲಿ ಮಾದರಿಯನ್ನು ಹಾಕಿ, ಬಫರ್ ತುಂಬಿಸುತ್ತ ಕೆಲವು ಸಲ ಸೆಂಟ್ರಿಫ್ಯೂಜ್ ಮಾಡಿದರೆ ಪೆಪ್ಟೈಡು ಕೆಳಗಿಳಿಯುತ್ತದೆ, ಪ್ರೋಟೀನು ಮೇಲುಳಿಯುತ್ತದೆ. ಕೊನೆಯ ಬಾರಿ ಕೆಳಗಿಳಿದ ದ್ರಾವಣವನ್ನು ಎಸೆಯದೆ, ಮೊತ್ತ ತಿಳಿದಿರುವ ಶುದ್ಧ ಪ್ರೋಟೀನಿಗೆ ಬೆರೆಸಿ ಎಲಿಸಾ ಮಾಡಿ ನೋಡುವುದನ್ನು ನಾನು ಕಡ್ಡಾಯ ಮಾಡಿದ್ದೇನೆ; ಬಣ್ಣ ತಗ್ಗಿದರೆ ಇನ್ನೂ ತೊಳೆಯಬೇಕು ಎಂದರ್ಥ.

ಪೆಪ್ಟೈಡ್ ಕೊಳ್ಳುವಾಗಲೂ ಒಂದು ವಿಷಯವನ್ನು ಗಮನಿಸಬೇಕು. ಪ್ರಮಾಣಪತ್ರದಲ್ಲಿ 95 ಶೇಕಡ ಶುದ್ಧ ಎಂದಿದ್ದರೆ, ಅದು ಇತರ ಪೆಪ್ಟೈಡುಗಳಿಗೆ ಹೋಲಿಸಿ ಹೇಳಿದ ಮಾತೇ ಹೊರತು ಪುಡಿಯ ತೂಕವೆಲ್ಲ ಪೆಪ್ಟೈಡೇ ಎಂದಲ್ಲ. ತಯಾರಿಕೆಯಲ್ಲಿ ಉಳಿದ ಟ್ರೈಫ್ಲೋರೋಅಸಿಟಿಕ್ ಆಮ್ಲವೂ ತೇವವೂ ಅದರಲ್ಲಿ ಸೇರಿರುತ್ತವೆ. ಆದ್ದರಿಂದ ನಿವ್ವಳ ಪೆಪ್ಟೈಡ್ ಪ್ರಮಾಣವನ್ನು ಬೇರೆಯಾಗಿ ಕೇಳಿ ಪಡೆಯಬೇಕು, ಪುಡಿಯನ್ನು ಕರಗಿಸಿದ ಮೇಲೆ ಪಿಎಚ್ ನೋಡಿ ಸರಿಪಡಿಸಬೇಕು, ಒಂದೊಂದು ಬಳಕೆಗೆ ಸಾಕಾಗುವಷ್ಟನ್ನು ಸಣ್ಣ ಟ್ಯೂಬುಗಳಿಗೆ ಹಂಚಿ ಮೈನಸ್ 20 ಡಿಗ್ರಿಯಲ್ಲಿ ಇಡಬೇಕು.