ಬೆಟಗೇರಿಯ ಕಾಕಾ ಮತ್ತು 28 ದಿನಗಳ ಗಡುವು

ಲಂಡನ್ನಿನಲ್ಲಿ ಊಟಕ್ಕೆ ಕುಳಿತಿದ್ದಾಗ ಗದಗ-ಬೆಟಗೇರಿಯಿಂದ ಕಾಕಾ ಫೋನ್ ಮಾಡಿದರು. ನಮ್ಮ ಓಣಿಯ ನೇಕಾರರು, ರಕ್ತಸಂಬಂಧಿಯಲ್ಲ. ಅವರ ಮಗ ಸುಮಾರು 5 ಕಿಲೋ ಕೊಕೇನ್ ಇದ್ದ ಸೂಟ್‌ಕೇಸಿನೊಂದಿಗೆ ಇಲ್ಲಿಯ ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದಿದ್ದ. ಗೊತ್ತಿದ್ದೇ ತಂದೆನೆಂದು ಆರಂಭದಲ್ಲೇ ತಪ್ಪೊಪ್ಪಿಕೊಂಡ. 6 ವರ್ಷ 8 ತಿಂಗಳ ಶಿಕ್ಷೆಯಾಯಿತು.

“ತಮ್ಮಾ, ಅಪೀಲು ಹಾಕಿ ಬಿಡಿಸು” ಎಂದರು ಕಾಕಾ.

ಶಿಕ್ಷೆಯಾಗಿ ಆಗಲೇ 17 ದಿನ ಕಳೆದಿದ್ದವು. ಎಲ್ಲ ಸರಿಮಾಡಿಸುತ್ತೇನೆಂದು ಹುಬ್ಬಳ್ಳಿಯಲ್ಲಿ ಯಾರೋ ಒಬ್ಬ ಹಣ ಪಡೆದು ಅಷ್ಟು ದಿನ ಕಾಯಿಸಿದ್ದ. ಆ ಮನುಷ್ಯನ ಮೇಲಿನ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ನಮ್ಮಲ್ಲಿ ಧಾರವಾಡದ ಹೈಕೋರ್ಟ್ ಪೀಠಕ್ಕೆ ಕ್ರಿಮಿನಲ್ ಅಪೀಲು ಸಲ್ಲಿಸಲು 60 ದಿನಗಳ ಅವಧಿ ಇದೆ. ಇಲ್ಲಿ 28 ದಿನ ಮಾತ್ರ. ಅಪೀಲು ಹಾಕುವುದಕ್ಕೂ ಅನುಮತಿ ಬೇಕು.

ತಪ್ಪೊಪ್ಪಿಕೊಂಡವನು ಬಿಡುಗಡೆ ಕೇಳುವಂತಿರಲಿಲ್ಲ, ಶಿಕ್ಷೆಯ ಪ್ರಮಾಣವನ್ನಷ್ಟೇ ಪ್ರಶ್ನಿಸಬಹುದಿತ್ತು. ಅದಕ್ಕೂ, ಇನ್ನೊಬ್ಬ ನ್ಯಾಯಾಧೀಶರಾಗಿದ್ದರೆ ಕಡಿಮೆ ಕೊಡುತ್ತಿದ್ದರು ಎಂಬ ವಾದ ಸಾಲದು. ಶಿಕ್ಷೆ ಎದ್ದುಕಾಣುವಷ್ಟು ಅತಿಯಾಗಿದೆಯೆಂದೋ, ಅದನ್ನು ನಿರ್ಧರಿಸುವಲ್ಲಿ ತಪ್ಪಾಗಿದೆಯೆಂದೋ ತೋರಿಸಬೇಕು. ಮಾದಕವಸ್ತು ಸಾಗಣೆಯಲ್ಲಿ ಇಲ್ಲಿಯ ನ್ಯಾಯಾಲಯಗಳು ಮಾಲಿನ ತೂಕದ ಜೊತೆಗೆ ಆರೋಪಿಯ ಪಾತ್ರವನ್ನೂ ಅಳೆಯುತ್ತವೆ. ಮಾರ್ಗಸೂಚಿಯ ಪ್ರಕಾರ ಈ ಪ್ರಮಾಣದ ಕೊಕೇನಿಗೆ ಮುಂದಾಳುವಿಗೆ 14 ವರ್ಷ, ಗಣನೀಯ ಪಾತ್ರದವನಿಗೆ 10, ಕಿರುಪಾತ್ರದವನಿಗೆ 8 ವರ್ಷ ಆರಂಭದ ಅಂಕಿ. ಬೇಗ ತಪ್ಪೊಪ್ಪಿಕೊಂಡರೆ ಮೂರನೇ ಒಂದು ಭಾಗ ಇಳಿಯುತ್ತದೆ. ಹುಡುಗನನ್ನು ಎರಡನೆಯ ಸಾಲಿಗೆ ಸೇರಿಸಿದ್ದರು. ಮೂರನೆಯದಕ್ಕೆ ಸೇರಿಸಿದ್ದರೆ 5 ವರ್ಷ 4 ತಿಂಗಳಾಗುತ್ತಿತ್ತು.

ಟಿಕೆಟ್ಟು, ಸೂಟ್‌ಕೇಸು, ಮೊಬೈಲು ಎಲ್ಲವನ್ನೂ ಬೇರೆಯವರು ಕೊಟ್ಟಿದ್ದರು. ಸಾಲ ಕೊಟ್ಟವರೇ ಬೆದರಿಸಿ ಕಳಿಸಿದ್ದರು. ವಕೀಲರು ಹಿಡಿದ ಎಳೆ ಇದೇ.

ಇದನ್ನು ಕಾಕಾನಿಗೆ ಹೇಳುವಾಗ “ಪಾತ್ರ” ಎಂಬ ಮಾತು ಬಂತು. ಅವರು ಕಂಪನಿ ನಾಟಕಗಳನ್ನು ನೋಡುತ್ತ ಬೆಳೆದವರು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಅವನು ಪರದೆ ಎಳೆಯುವ ಹುಡುಗ ಎಂದು ಬರೆಸು. ನಾಟಕ ಆಡಿಸಿದವರು ಬೇರೆ” ಎಂದರು. ನಾನು ಆ ಮಾತನ್ನು ಇಂಗ್ಲಿಷಿಗೆ ತಿರುಗಿಸಿ ವಕೀಲರಿಗೆ ಹೇಳಿದೆ. ಅವರು ಅದನ್ನು ಬರೆದುಕೊಂಡರು.

ಮಗ ಹೊತ್ತು ತಂದದ್ದು ಎಷ್ಟು ಮನೆಗಳನ್ನು ಹಾಳುಮಾಡುತ್ತಿತ್ತೆಂದು ಕಾಕಾನಿಗೆ ಗೊತ್ತು. ಮಗ್ಗದ ಮುಂದೆ ಕುಳಿತರೂ ಕೈ ಓಡುವುದಿಲ್ಲ ಎನ್ನುತ್ತಾರೆ. ಅವರಿಗೆ ಬೇಕಿರುವುದು ಆ 1 ವರ್ಷ 4 ತಿಂಗಳು.

ಅರ್ಜಿ 26ನೆಯ ದಿನ ಸಲ್ಲಿಕೆಯಾಯಿತು. ಮೊದಲು ಒಬ್ಬ ನ್ಯಾಯಾಧೀಶರು ಕಾಗದಪತ್ರ ಓದಿ ಅನುಮತಿ ಕೊಡಬೇಕು. ಕಾಕಾ ದಿನವೂ ಸಂಜೆ ಫೋನ್ ಮಾಡುತ್ತಾರೆ.

“ಓದಿದರೇನು, ತಮ್ಮಾ?”

“ಇನ್ನೂ ಇಲ್ಲ, ಕಾಕಾ.”