ನಿಮ್ಮ ಕೆಲಸವಾದರೂ ಯಾವುದು?

ಜಂಪರಿನ ಅಳತೆ ಕೊಡಲು ಬಂದವರು ಕೇಳುತ್ತಾರೆ, ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತವರು ಕೇಳುತ್ತಾರೆ, ಮದುವೆಮನೆಯ ಊಟದ ಪಂಕ್ತಿಯಲ್ಲಂತೂ ತಪ್ಪಿಸಿಕೊಳ್ಳಲು ಸಾಧ್ಯವೇ ಇಲ್ಲ. "ಇಳಕಲ್ಲಿಗೆ ಹೋಗಿ ಬರುತ್ತೀರಿ, ಮಿರಜಿಗೆ ಹೋಗಿ ಬರುತ್ತೀರಿ, ಹಳೆಯ ಸೀರೆ ಕತ್ತರಿಸಿ ಹೊಸ ಬಟ್ಟೆ ಮಾಡುತ್ತೀರಿ, ಗಾಯನದಲ್ಲಿ ಹಿಂದೆ ತಂಬೂರಿ ಹಿಡಿದು ಕುಳಿತಿರುತ್ತೀರಿ. ಎಲ್ಲ ಸರಿ, ನಿಮ್ಮ ಕೆಲಸವಾದರೂ ಯಾವುದು?" ಕಾಲೇಜು ಹುಡುಗಿಯರು ಕೇಳುವಾಗ ಈ ಪ್ರಶ್ನೆಗೆ ಒಂದು ಬಾಲವಿರುತ್ತದೆ: "ನಮಗೂ ಹೀಗೆ ಬದುಕಬೇಕು ಅಕ್ಕಾ, ಹೇಗೆ?" ಹಿರಿಯರು ಕೇಳುವಾಗ ಬಾಲ ಬೇರೆ: "ಇನ್ನಾದರೂ ಒಂದನ್ನು ಹಿಡಿದು ಕೂರಬಾರದೇ ತಂಗಿ?"

ಕೆಲಸ ಹೊಲಿಗೆ. ಧಾರವಾಡದ ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ಮಷಿನ್ನು ಇದೆ. ಸೀರೆಗೆ ಫಾಲ್ ಹಚ್ಚುವುದು, ಪಿಕೋ ಮಾಡುವುದು, ಜಂಪರ್ ಹೊಲಿಯುವುದು. ವರ್ಷದ ಗಳಿಕೆಯ ಮುಕ್ಕಾಲು ಪಾಲು ಇದರಿಂದಲೇ. ಇಷ್ಟು ಹೇಳಿದ ಕೂಡಲೇ ಕಾಲೇಜು ಹುಡುಗಿಯರ ಮುಖ ಸ್ವಲ್ಪ ಬಾಡುತ್ತದೆ. ಅವರು ಬೇರೇನನ್ನೋ ಕೇಳಲು ಬಂದಿರುತ್ತಾರೆ. ಆದರೆ ಫಾಲಿನ ಸುರುಳಿಗಳಿಲ್ಲದೆ ನನ್ನ ಒಂದು ಪ್ರಯಾಣವೂ ನಡೆದಿಲ್ಲ. ತುಳಸಿ ಲಗ್ನ ಮುಗಿದ ಮೇಲೆ ಮದುವೆಯ ಸುಗ್ಗಿ ಶುರುವಾಗುತ್ತದೆ. ಆಗ ರಾತ್ರಿ ಹನ್ನೊಂದಾದರೂ ಮಷಿನ್ನಿನ ದೀಪ ಆರುವುದಿಲ್ಲ. ಧನುರ್ಮಾಸ, ಆಷಾಢ, ಪಿತೃಪಕ್ಷ ಬಂದರೆ ಬಾಗಿಲು ಬಡಿಯುವವರು ಇಲ್ಲ. ಪಂಚಾಂಗದಲ್ಲಿ ಮುಹೂರ್ತವಿಲ್ಲದ ದಿನಗಳೇ ನನ್ನ ತಿರುಗಾಟದ ಮುಹೂರ್ತ.

ತಿರುಗಾಟ ಶುರುವಾದದ್ದು ಒಂದು ಹರಿದ ಸೀರೆಯಿಂದ. ಗಿರಾಕಿಯೊಬ್ಬರು ತಮ್ಮ ಅತ್ತೆಯ ಕಾಲದ ಇಳಕಲ್ ಸೀರೆ ತಂದಿದ್ದರು. ಒಡಲು ಗಟ್ಟಿಯಾಗಿತ್ತು, ಸೆರಗೂ ಗಟ್ಟಿಯಾಗಿತ್ತು, ಎರಡೂ ಕೂಡಿದ ಜಾಗದಲ್ಲಿ ಒಂದು ಗೇಣು ಬಿಟ್ಟುಕೊಂಡಿತ್ತು. ಮಷಿನ್ನಿನಲ್ಲಿ ಹೊಲಿದರೆ ಗಂಟುಮೂತಿಯಂತೆ ಕಾಣುತ್ತಿತ್ತು. ಇಳಕಲ್ಲಿಗೇ ಹೋಗಿ ಕೇಳಿದರಾಯಿತು ಎಂದು ಬಸ್ ಹತ್ತಿದೆ. ಅಲ್ಲಿ ಒಂದು ಮನೆಯಲ್ಲಿ ಕುಣಿಮಗ್ಗದ ಪಕ್ಕ ಕುಳಿತು ನೋಡಿದ ಮೇಲೆ ನನ್ನ ದಡ್ಡತನ ತಿಳಿಯಿತು. ಇಳಕಲ್ ಸೀರೆಯ ಸೆರಗು ರೇಷ್ಮೆಯದು, ಒಡಲಿನ ಹಾಸು, ಅಂದರೆ ಮಗ್ಗಕ್ಕೆ ಉದ್ದುದ್ದ ಕಟ್ಟುವ ಎಳೆ, ಸಾಮಾನ್ಯವಾಗಿ ಹತ್ತಿಯದು. ಎರಡೂ ಹಾಸುಗಳ ಎಳೆಗಳನ್ನು ಕುಣಿಕೆಗೆ ಕುಣಿಕೆ ಸಿಕ್ಕಿಸಿ ಕೂಡಿಸುತ್ತಾರೆ. ಇದಕ್ಕೆ ಕೊಂಡಿ ಎನ್ನುತ್ತಾರೆ. ಗೋಪುರದ ಸಾಲಿನಂತೆ ಕಾಣುವ, ಕೆಂಪು ಬಿಳುಪಿನ ತೋಪು ತೆನೆಯ ಸೆರಗು ಒಡಲಿಗೆ ಹತ್ತಿಕೊಳ್ಳುವುದು ಹೀಗೆ. ನಾನು ತಂದ ಸೀರೆಯನ್ನು ಆ ಮನೆಯ ಹಿರಿಯಳು ತಿರುವಿ ಮುರುವಿ ನೋಡಿ ನಕ್ಕಳು. "ಹರಿದದ್ದನ್ನು ಕೂಡಿಸಲು ನನಗೆ ಬರುವುದಿಲ್ಲ ತಂಗಿ. ನೇಯುವ ಮೊದಲು ಕೂಡಿಸಲು ಬರುತ್ತದೆ."

ಸೀರೆ ದುರಸ್ತಿಯಾಗಲಿಲ್ಲ. ಗಿರಾಕಿಯ ಒಪ್ಪಿಗೆ ಪಡೆದು ಅದನ್ನು ಕತ್ತರಿಸಿ, ಸೆರಗು ಬೆನ್ನಿಗೆ ಬರುವಂತೆ ಒಂದು ನಿಲುವಂಗಿ ಹೊಲಿದೆ. ದಡಿಯನ್ನು ತೋಳಿಗೆ ಇಟ್ಟೆ. ಅವರ ಮಗಳು ಅದನ್ನು ತೊಟ್ಟು ಬೆಂಗಳೂರಿಗೆ ಹೋದಳು, ಅಲ್ಲಿಂದ ನಾಲ್ಕು ಹಳೆಯ ಸೀರೆಗಳು ನನ್ನ ವಿಳಾಸಕ್ಕೆ ಬಂದವು. ನನ್ನ 'ಫ್ಯಾಷನ್' ಎನ್ನುವುದು ಇಷ್ಟೇ. ಹೊಸ ಇಳಕಲ್ ಸೀರೆಗೆ ನಾನು ಕತ್ತರಿ ಹಾಕುವುದಿಲ್ಲ. ಅದು ಉಡುವುದಕ್ಕೆ ಇರುವಂಥದ್ದು. ಹಾಗೆಯೇ ಪವರ್‌ಲೂಮ್ ಬಟ್ಟೆ ತಂದು "ಗುಳೇದಗುಡ್ಡದ ಖಣ, ಕೈಮಗ್ಗದ್ದು" ಎನ್ನುವವರ ಹತ್ತಿರ ಜಗಳ ಆಡದೆ ಇರಲು ನನ್ನಿಂದ ಆಗುವುದಿಲ್ಲ. ಹೊಲಿದು ಕೊಡುತ್ತೇನೆ, ಆದರೆ ಜಗಳ ಆಡಿಯೇ ಕೊಡುತ್ತೇನೆ.

"ಹಾಡುತ್ತ ಹಾಡುತ್ತ ಕಸೂತಿ ಹಾಕುತ್ತೀರಾ?" ಎಂದು ಒಬ್ಬರು ಬಹಳ ಆಸೆಯಿಂದ ಕೇಳಿದ್ದರು. ಇಲ್ಲ. ಕಸೂತಿಯಲ್ಲಿ ಬಟ್ಟೆಯ ಮೇಲೆ ಗೆರೆ ಎಳೆದುಕೊಳ್ಳುವುದಿಲ್ಲ, ಎಳೆಗಳನ್ನು ಎಣಿಸಿಯೇ ಗೋಪುರ, ತೇರು, ಆನೆ, ತುಳಸಿಕಟ್ಟೆ ಎಲ್ಲ ಮೂಡಬೇಕು. ಗವಂತಿ ಹೊಲಿಗೆಯಲ್ಲಿ ದಾರಕ್ಕೆ ಗಂಟು ಹಾಕುವಂತಿಲ್ಲ, ಬಟ್ಟೆಯ ಎರಡೂ ಬದಿ ಒಂದೇ ರೀತಿ ಕಾಣಬೇಕು. ನಡುವೆ ಒಂದು ಆಲಾಪ ಗುನುಗಿದರೆ ಆನೆಗೆ ಐದನೆಯ ಕಾಲು ಬರುತ್ತದೆ. ನನಗೆ ಬಂದಿದೆ ಕೂಡ.

ಹಾಡಿನ ವಿಷಯಕ್ಕೆ ಬಂದರೆ, ನಾನು ಗಾಯಕಿಯಲ್ಲ. ಹದಿನಾರು ವರ್ಷ ಕಲಿತೆ. "ನಿನಗೆ ಕಿವಿ ಇದೆ, ಕೂರುವ ತಾಳ್ಮೆ ಇಲ್ಲ" ಎಂದು ನನ್ನ ಗುರುಗಳು ಮೂರನೆಯ ವರ್ಷವೇ ಹೇಳಿದ್ದರು. ಉಳಿದ ಹದಿಮೂರು ವರ್ಷ ಅದನ್ನು ಸುಳ್ಳು ಮಾಡಲು ನೋಡಿ ಸೋತೆ. ಈಗ ತಂಬೂರಿಯ ಸಾಥ್ ಮಾಡುತ್ತೇನೆ. ಸಂಭಾವನೆ ಎಂದರೆ ಹೆಚ್ಚಾಗಿ ಬಸ್ಸಿನ ಖರ್ಚು, ಒಂದು ಶಾಲು, ಒಂದು ತೆಂಗಿನಕಾಯಿ. ಶಾಲುಗಳು ರಾಶಿಯಾದಾಗ ಅವ್ವ ಅವನ್ನು ಒಳಗೆ ಸೇರಿಸಿ ಒಂದು ಕೌದಿ ಹೊಲಿದಳು. ನಮ್ಮ ಮನೆಯಲ್ಲಿ ಚಳಿಗಾಲಕ್ಕೆ ಸನ್ಮಾನವನ್ನೇ ಹೊದ್ದು ಮಲಗುತ್ತೇವೆ.

ಆದರೂ ತಂಬೂರಿ ಶ್ರುತಿ ಮಾಡುವ ಹೊತ್ತಿನಷ್ಟು ಹಿತವಾದ ಹೊತ್ತು ನನ್ನ ದಿನದಲ್ಲಿ ಬೇರೆ ಇಲ್ಲ. ನಾಲ್ಕು ತಂತಿ: ಪಂಚಮ, ಜೋಡಿ ಷಡ್ಜ, ಕೊನೆಗೆ ಖರ್ಜ, ಅಂದರೆ ಕೆಳಗಿನ ಷಡ್ಜ. ತಂತಿಗಳನ್ನು ಹೊತ್ತು ನಿಲ್ಲುವ ಪಟ್ಟಿಗೆ ಕುದುರೆ ಎನ್ನುತ್ತಾರೆ. ಅದರ ಮೇಲೆ, ತಂತಿಯ ಅಡಿಗೆ ಒಂದು ತುಂಡು ದಾರ ಸಿಕ್ಕಿಸಿರುತ್ತಾರೆ. ಆ ದಾರವನ್ನು ಕೂದಲೆಳೆಯಷ್ಟು ಹಿಂದಕ್ಕೋ ಮುಂದಕ್ಕೋ ಸರಿಸುತ್ತ ಹೋದರೆ ಒಂದು ಕಡೆ ನಾದ ಇದ್ದಕ್ಕಿದ್ದಂತೆ ಅರಳಿಕೊಳ್ಳುತ್ತದೆ. ಅದಕ್ಕೆ ಜವಾರಿ ಎನ್ನುತ್ತಾರೆ. (ನಮ್ಮ ಕಡೆ ಜೋಳಕ್ಕೂ ಕೋಳಿಗೂ ಬಳಸುವ ಜವಾರಿ ಬೇರೆ, ಎರಡೂ ನನಗೆ ಪ್ರಿಯ.) ನಾನು ಹಾಕುವ ದಾರ ಜಂಪರ್ ಹೊಲಿಯುವ ರೀಲಿನಿಂದಲೇ ಕತ್ತರಿಸಿದ್ದು. ಮಿರಜಿನಲ್ಲಿ ತಂಬೂರಿ ತಯಾರಿಸುವವರೊಬ್ಬರು ಇದನ್ನು ಕೇಳಿ ಹಣೆ ಚಚ್ಚಿಕೊಂಡು, ಒಳ್ಳೆಯ ಹತ್ತಿಯ ದಾರ ಒಂದು ಮಾರು ಕೊಟ್ಟು ಕಳಿಸಿದರು. ಮಿರಜಿನಲ್ಲಿ ಸಿತಾರ್, ತಂಬೂರಿ ಮಾಡುವ ಶಿಕಲಗಾರ ಮನೆತನದವರು ಹಿಂದೆ ಕತ್ತಿ, ಆಯುಧಗಳಿಗೆ ಸಾಣೆ ಹಿಡಿಯುತ್ತಿದ್ದವರು. ಕತ್ತಿಯ ಕಾಲ ಮುಗಿದಾಗ ಕೈ ಸೋರೆಬುರುಡೆಯ ಕಡೆಗೆ ತಿರುಗಿತು. "ಒಂದನ್ನೇ ಹಿಡಿದು ಕೂರಿ" ಎನ್ನುವ ಹಿರಿಯರಿಗೆ ಇದನ್ನು ಹೇಳಬೇಕೆಂದುಕೊಳ್ಳುತ್ತೇನೆ, ಪಂಕ್ತಿಯಲ್ಲಿ ಬಾಯಿ ತುಂಬಾ ಹೋಳಿಗೆ ಇರುವುದರಿಂದ ಆಗುವುದಿಲ್ಲ.

ನನ್ನನ್ನು ಹೊಗಳುವವರು ಭೀಮಸೇನ ಜೋಶಿಯವರ ಕಥೆ ತೆಗೆಯುತ್ತಾರೆ. ಹನ್ನೊಂದನೆಯ ವಯಸ್ಸಿನಲ್ಲಿ ಗದುಗಿನ ಮನೆ ಬಿಟ್ಟು, ರೈಲಿನಲ್ಲಿ ಹಾಡುತ್ತ ಗ್ವಾಲಿಯರ್, ಜಾಲಂಧರ್ ಎಂದು ಅಲೆದರಲ್ಲ, ಹಾಗೆ ನೀವೂ ಎನ್ನುತ್ತಾರೆ. ದಯವಿಟ್ಟು ಬೇಡ. ಆ ಹುಡುಗ ಊರೂರು ತಿರುಗಿದ್ದು ಒಬ್ಬ ಗುರುವಿಗಾಗಿ. ಸವಾಯಿ ಗಂಧರ್ವರು ಸಿಕ್ಕಿದ ಮೇಲೆ ಬೇರೂರಿ ಕುಳಿತರು. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಓಡಾಡಿದ್ದೂ ಅದೇ ಗುರುವಿನ ಮುಂದೆ ಕೂರಲು. ಒಂದೇ ಒಂದಕ್ಕಾಗಿ ಸವೆಸಿದ ದಾರಿ ಅದು. ನನ್ನದು ಅದಕ್ಕೆ ತದ್ವಿರುದ್ಧ, ಹೋಲಿಸಿದರೆ ನನಗೇ ನಾಚಿಕೆ.

ನನ್ನ ಮೂಲ ಹುಡುಕಲೇಬೇಕೆಂದರೆ ನಾಟಕ ಕಂಪನಿಗಳ ಕಡೆಗೆ ನೋಡಿ. ಊರಿಂದ ಊರಿಗೆ ಕ್ಯಾಂಪು, ಪೆಟ್ಟಿಗೆ ತುಂಬ ಪೋಷಾಕು, ರಾತ್ರಿಯಿಡೀ ಹಾಡು. ಅಲ್ಲಿ ಪ್ರಯಾಣ, ಬಟ್ಟೆ, ಸಂಗೀತ ಮೂರೂ ಒಂದೇ ಸಂಬಳದ ಕೆಲಸ. ಮಲ್ಲಿಕಾರ್ಜುನ ಮನ್ಸೂರರು ಬಾಲ್ಯದಲ್ಲಿ ಬಣ್ಣ ಹಚ್ಚಿದವರು. ಸ್ತ್ರೀಪಾತ್ರಕ್ಕೆ ಹೆಸರಾದ ಮರಾಠಿ ನಟ ಬಾಲಗಂಧರ್ವರು ರಂಗದ ಮೇಲೆ ಉಟ್ಟ ಸೀರೆ, ಮುಡಿದ ಹೂವು ನೋಡಿ ಮಹಾರಾಷ್ಟ್ರದ ಮನೆಗಳ ಹೆಂಗಸರು ಹಾಗೆಯೇ ಉಡಲು, ಮುಡಿಯಲು ತೊಡಗಿದ್ದರು. ಅವರೊಡನೆ ಬಾಳಿದ, ಅವರ ಪಕ್ಕ ರಂಗದ ಮೇಲೆ ನಿಂತ ಗೋಹರಬಾಯಿ ನಮ್ಮ ಬೀಳಗಿಯವರು. ಆ ಪೋಷಾಕು, ಪರದೆ, ಅತ್ತರಿನ ಖರ್ಚು ಬಾಲಗಂಧರ್ವರನ್ನು ಸಾಲದಲ್ಲಿ ಮುಳುಗಿಸಿತು ಎನ್ನುವುದನ್ನೂ ಕಾಲೇಜು ಹುಡುಗಿಯರಿಗೆ ಹೇಳುತ್ತೇನೆ. ಅವರು ಅತ್ತರಿನ ಮಾತನ್ನು ಮಾತ್ರ ಬರೆದುಕೊಳ್ಳುತ್ತಾರೆ.

ಇನ್ನೊಂದನ್ನೂ ಹೇಳಬೇಕು. ನಾನು ಇರುವುದು ಅಪ್ಪ ಕಟ್ಟಿಸಿದ ಮನೆ, ಬಾಡಿಗೆಯಿಲ್ಲ. ನಾನಿಲ್ಲದಾಗ ಬಂದ ಬಟ್ಟೆ ಇಳಿಸಿಕೊಂಡು ಹೆಸರು ಬರೆದಿಡಲು ಅವ್ವ ಇದ್ದಾಳೆ. ಇವೆರಡೂ ಇಲ್ಲದಿದ್ದರೆ ಇಳಕಲ್ಲಿನ ಬಸ್ಸನ್ನು ನಿಲ್ದಾಣದಲ್ಲೇ ನೋಡಿ ಬರಬೇಕಾಗಿತ್ತು. ಮನಸ್ಸಿದ್ದರೆ ಸಾಕು ಎಂದು ಯಾರಾದರೂ ನಿಮಗೆ ಹೇಳಿದರೆ, ಮನೆ ಯಾರದು ಎಂದು ಮೊದಲು ಕೇಳಿ.

ಅಷ್ಟಿದ್ದೂ ಎಡವುತ್ತೇನೆ. ಒಮ್ಮೆ ಕುಂದಗೋಳದಲ್ಲಿ ಬೆಳಗಿನವರೆಗೆ ಗಾಯನ ಕೇಳಿ ಮನೆಗೆ ಬಂದರೆ ಅಂಗಳದಲ್ಲಿ ಒಬ್ಬ ಮದುಮಗಳ ಅಣ್ಣ ನಿಂತಿದ್ದ. ಅಕ್ಷತೆಗೆ ನಾಲ್ಕು ತಾಸು ಉಳಿದಿತ್ತು, ಜಂಪರಿಗೆ ತೋಳೇ ಹಚ್ಚಿರಲಿಲ್ಲ. ಹೊಲಿದು ಕೊಟ್ಟೆ, ದುಡ್ಡು ಬೇಡವೆಂದೆ. ಅವನು ಕೊಡುವುದಾಗಿಯೂ ಹೇಳಿರಲಿಲ್ಲ.

ಮೊನ್ನೆ ಬ್ಯಾಂಕಿನಲ್ಲಿ ಅರ್ಜಿ ತುಂಬುತ್ತಿದ್ದೆ. 'ಉದ್ಯೋಗ' ಎಂಬಲ್ಲಿ ಜಾಗ ಸಣ್ಣದು, 'ಹೊಲಿಗೆ' ಎಂದು ಬರೆದೆ. ಗಾಜಿನ ಆಚೆಗಿದ್ದ ಮಹಿಳೆ ಅದನ್ನು ಓದಿ, ನನ್ನ ಮುಖ ನೋಡಿ, "ನೀವು ತಂಬೂರಿಯವರಲ್ಲವೇ?" ಎಂದರು. ಹೌದೆಂದೆ. "ಹೊಲಿಯುತ್ತೀರೆಂದು ಗೊತ್ತಿರಲಿಲ್ಲ. ಶ್ರಾವಣದಲ್ಲಿ ಮಗಳ ನಿಶ್ಚಯ ಇದೆ, ಒಂದು ಖಣದ ಜಂಪರ್ ಆಗುತ್ತದೆಯೇ?" ಸೋಮವಾರ ಮಗಳನ್ನು ಅಳತೆಗೆ ಕರೆದುಕೊಂಡು ಬನ್ನಿ ಎಂದು ಹೇಳಿ ಖುಷಿಯಿಂದ ಹೊರಬಂದೆ. ಸೋಮವಾರಕ್ಕೆ ಮಿರಜಿನ ಟಿಕೆಟ್ ತೆಗೆಸಿದ್ದು ಮನೆಯ ಮೆಟ್ಟಿಲು ಹತ್ತುವಾಗ ನೆನಪಾಯಿತು.